ಏರಿಗೊಂದು ಹೊದಿಕೆ

ಹಳ್ಳದ ಬೀದಿಯಲ್ಲಿ ಟೈಲರಕ್ಕನದು ಕೊನೆಯ ಮನೆ. ಊರ ಕಡೆಯಿಂದ ಎಣಿಸಿದರೆ ಕೊನೆಯದು, ಹಳ್ಳದ ಕಡೆಯಿಂದ ಎಣಿಸಿದರೆ ಮೊದಲನೆಯದು. ಹಳ್ಳ ಉಕ್ಕಿದಾಗಲೆಲ್ಲ ನೀರು ತನ್ನ ಕಡೆಯಿಂದಲೇ ಎಣಿಸುತ್ತಿತ್ತು. ಮೊದಲು ಹೊಸ್ತಿಲ ಸಂದಿಯಲ್ಲಿ ಇಣುಕಿ ನೋಡಿ, ಆಮೇಲೆ ಕರೆಯದೆ ಬಂದ ನೆಂಟನ ಹಾಗೆ ನೇರ ಒಳಕ್ಕೆ ನುಗ್ಗಿ, ಹೊಲಿಗೆ ಮಷೀನಿನ ಪೆಡಲು ಮುಳುಗುವಷ್ಟು ನಿಂತು, ಹೋಗುವಾಗ ಮನೆ ತುಂಬ ಕೆಸರು ಬಿಟ್ಟು ಹೋಗುತ್ತಿತ್ತು.

ಮನೆಯಲ್ಲಿದ್ದವರು ಇಬ್ಬರೇ, ಟೈಲರಕ್ಕ ಮತ್ತು ಅವಳ ಅತ್ತೆ. ಗಂಡ ಕಾಯಿಲೆ ಬಿದ್ದು ತೀರಿಕೊಂಡಾಗ ಅವಳಿಗಿನ್ನೂ ತಲೆಯಲ್ಲಿ ಒಂದು ಬಿಳಿಕೂದಲೂ ಇರಲಿಲ್ಲ. ತವರಿನವರು ಬಂದು ಕರೆದರು, ಅವಳು ಹೋಗಲಿಲ್ಲ. ಅತ್ತೆ ಇರು ಅಂತಲೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಎರಡು ಲೋಟ ಚಹಾ ಮಾಡಿ ಒಂದನ್ನು ಮಷೀನಿನ ಪಕ್ಕ ತಂದಿಟ್ಟರು, ಅಷ್ಟೆ. ಅಂದಿನಿಂದ ಇಬ್ಬರ ಸಂಸಾರ ನಡೆದಿತ್ತು. ಅತ್ತೆಯ ನಾಲಿಗೆ ಕತ್ತರಿಗಿಂತ ಹರಿತ ಎಂದು ಬೀದಿಯವರು ಹೇಳುತ್ತಿದ್ದರು. ಕತ್ತರಿಯೊಂದಿಗೇ ದಿನವೆಲ್ಲ ಕಳೆಯುವ ಸೊಸೆಗೆ ಅದೇನೂ ದೊಡ್ಡದಾಗಿ ಕಾಣುತ್ತಿರಲಿಲ್ಲ.

ಮೋಡ ಕಟ್ಟಿತೆಂದರೆ ಇಬ್ಬರೂ ತುಟಿ ಪಿಟಕ್ಕೆನ್ನದೆ ಕೆಲಸಕ್ಕೆ ಇಳಿಯುತ್ತಿದ್ದರು. ಸೊಸೆ ಮಷೀನಿನ ತಲೆ ಬಿಚ್ಚಿ ಮೇಜಿನ ಮೇಲಿಡುವಷ್ಟರಲ್ಲಿ ಅತ್ತೆ ಬಟ್ಟೆಯ ಗಂಟುಗಳನ್ನು ಅಟ್ಟಕ್ಕೆ ಏರಿಸಿರುತ್ತಿದ್ದರು. ಈ ಕಾವಲಿನಿಂದಾಗಿ ಇಬ್ಬರೂ ಒಟ್ಟಿಗೆ ಮನೆ ಬಿಟ್ಟು ಹೋದದ್ದೇ ಇಲ್ಲ. ಒಬ್ಬರು ಮದುವೆಗೋ ಸಾವಿಗೋ ಹೋದರೆ ಇನ್ನೊಬ್ಬರು ಮನೆಯಲ್ಲಿ ಆಕಾಶ ನೋಡುತ್ತ ಕೂರಬೇಕು. ಕೊನೆಕೊನೆಗೆ ಹೋಗುವವಳು ಸೊಸೆಯೇ ಆದಳು. ಅತ್ತೆ ಆ ಮನೆಯ ಹೊರಗೆ ಒಂದು ರಾತ್ರಿ ಮಲಗಿದ್ದು ಯಾವ ಕಾಲದಲ್ಲೋ ಯಾರಿಗೂ ನೆನಪಿರಲಿಲ್ಲ.

ಇಂಥ ಊರಿಗೆ ಒಂದು ಏರಿ ಕಟ್ಟುತ್ತಾರೆ ಎಂಬ ಸುದ್ದಿ ಬಂತು. ಶಾಲೆಯ ಅಂಗಳದಲ್ಲಿ ಜನರನ್ನು ಸೇರಿಸಿ ಚಿಕ್ಕ ವಯಸ್ಸಿನ ಇಂಜಿನಿಯರ್ ಮೇಡಂ ವಿವರಿಸಿದರು. ಊರ ಮೇಲ್ಗಡೆ, ಹಳ್ಳ ಎರಡು ದಿಬ್ಬಗಳ ನಡುವೆ ಇಕ್ಕಟ್ಟಾಗುವಲ್ಲಿ ಅಡ್ಡಲಾಗಿ ಮಣ್ಣಿನ ಏರಿ. ತಳದಲ್ಲಿ ಒಂದು ಕೊಳವೆ. ದಿನನಿತ್ಯದ ಹಳ್ಳ ಕೊಳವೆಯಲ್ಲಿ ತನ್ನ ಪಾಡಿಗೆ ತಾನು ಹರಿಯುತ್ತದೆ. ಜೋರು ಮಳೆ ಬಂದಾಗ ಕೊಳವೆ ಹಿಡಿಸಿದಷ್ಟು ಮಾತ್ರ ಊರಿಗೆ ಬಿಟ್ಟು, ಉಳಿದದ್ದನ್ನು ಏರಿ ತನ್ನ ಹಿಂದಿನ ಹುಲ್ಲುಗಾವಲಿನಲ್ಲಿ ನಿಲ್ಲಿಸಿಕೊಂಡು, ಆಮೇಲೆ ನಿಧಾನವಾಗಿ ಕಳಿಸುತ್ತದೆ. ಅದಕ್ಕೂ ಮೀರಿದರೆ ಪಕ್ಕದ ಗಟ್ಟಿ ನೆಲದಲ್ಲಿ ಅಗೆದ ಕೋಡಿಯಿಂದ ಹೊರಗೆ.

ಹಾಗಾದರೆ ವರ್ಷವೆಲ್ಲ ಖಾಲಿಯೇ ಇರುತ್ತದಾ ಎಂದು ಯಾರೋ ಕೇಳಿದರು. ಹೌದು, ಖಾಲಿ ಇರುವುದೇ ಅದರ ಕೆಲಸ ಎಂದರು ಮೇಡಂ. ಜನ ನಕ್ಕರು. ಬೀದಿಯ ಆ ಬದಿಯಲ್ಲಿ ಕಟಿಂಗ್ ಅಂಗಡಿ ಇಟ್ಟಿದ್ದವನು, ಸರ್ಕಾರದ ಕೆಲಸವೆಂದರೆ ಹೀಗಿರಬೇಕು ನೋಡಿ ಎಂದು ಇನ್ನಷ್ಟು ನಗಿಸಿದ. ಟೈಲರಕ್ಕನ ಅತ್ತೆ ಮಾತ್ರ ನಗಲಿಲ್ಲ. ಎದ್ದು ನಿಂತು ಒಂದೇ ಮಾತು ಕೇಳಿದರು.

"ನೀರು ಬಿದ್ರೆ ಮಣ್ಣು ಕರಗುತ್ತಲ್ಲಮ್ಮ. ನನ್ನ ಮನೆ ಹಿಂದಿನ ಗೋಡೆ ಎರಡು ಸಲ ಕರಗಿದೆ. ನಿನ್ನ ಮಣ್ಣು ಯಾವ ಮಣ್ಣು?"

ಮೇಡಂ ಬೇಸರಿಸದೆ ಉತ್ತರ ಕೊಟ್ಟರು. ಅತ್ತೆ ಬೇಸರದಿಂದಲೇ ಕೇಳಿಸಿಕೊಂಡು ಮೂಗು ಮುರಿದು ಮನೆಗೆ ಬಂದರು.

ಬೇಸಗೆಯ ಆರಂಭಕ್ಕೆ ಲಾರಿಗಳು ಬಂದವು, ಮಣ್ಣು ಅಗೆಯುವ ಯಂತ್ರ ಬಂತು, ದೊಡ್ಡ ಟ್ರೇಲರಿನ ಮೇಲೆ ರೋಲರು ಬಂತು. ರೋಲರ್ ಓಡಿಸುವವನಿಗೆ ಇರಲು ಒಂದು ಕೋಣೆ ಬೇಕಿತ್ತು. ಕಟಿಂಗ್ ಅಂಗಡಿಯವನು ಅವನ ಗಡ್ಡ ಬೋಳಿಸುತ್ತಲೇ ಟೈಲರಕ್ಕನ ಮನೆಯ ಅಟ್ಟದ ಕೋಣೆ ಖಾಲಿ ಇದೆ ಎಂದು ಹೇಳಿ ಕಳಿಸಿದ. ಐವತ್ತರ ಹತ್ತಿರದ ಮನುಷ್ಯ. ಕುತ್ತಿಗೆಯ ತನಕ ಬಿಸಿಲಿಗೆ ಕಂದಿದ ಮುಖ. ಕೈಯಲ್ಲಿ ಒಂದು ಟ್ರಂಕು. ಮಾತಾಡುವಾಗ ರೋಲರಿನ ಸದ್ದು ಪಕ್ಕದಲ್ಲೇ ಇದೆಯೇನೋ ಎಂಬಂತೆ ಗಟ್ಟಿ ದನಿ, ಮರುಕ್ಷಣ ತಾನೇ ನಾಚಿಕೊಂಡು ತಗ್ಗಿಸುವನು. ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮದುವೆಯಾಗಿದೆಯಾ ಎಂದು ಕೇಳಿದರು. ಇಲ್ಲ ಎಂದ. ಯಾಕೆ ಎಂದರು. ಹೆಣ್ಣು ನೋಡಿ ಬಂದು, ಆ ಕಡೆಯವರು ಯೋಚನೆ ಮಾಡಿ ಹೂಂ ಅನ್ನುವಷ್ಟರಲ್ಲಿ ರೋಲರು ಬೇರೆ ಊರಿಗೆ ಹೋಗಿರುತ್ತಿತ್ತು, ಹಾಗಾಗಿ ಉಳಿದುಹೋಯಿತು ಎಂದ. ಅತ್ತೆಗೆ ನಗು ಬಂತು. ಬಂದದ್ದನ್ನು ಕೆಮ್ಮಾಗಿ ತಿರುಗಿಸಿ ಕೋಣೆಯ ಬೀಗದ ಕೈ ಕೊಟ್ಟರು. ಅವತ್ತಿನಿಂದ ಅವನಿಗೆ ರೋಲರಪ್ಪ ಎಂದೇ ಹೆಸರಾಯಿತು.

ರೋಲರಪ್ಪನ ಜೊತೆ ಅತ್ತೆ ದಿನಾ ಸಂಜೆ ಕಾಲು ಕೆರೆದು ಜಗಳಕ್ಕೆ ಹೋಗುತ್ತಿದ್ದರು. ವಿಷಯ ಒಂದೇ, ಮಣ್ಣು ಕರಗುತ್ತದೆ. ಅವನು ಎದುರು ಮಾತಾಡುತ್ತಿರಲಿಲ್ಲ. ಒಂದು ಸಂಜೆ ಮುಷ್ಟಿಗಾತ್ರದ ಜೇಡಿಮಣ್ಣಿನ ಉಂಡೆ ತಂದ. ಏರಿಯ ನಡುಮಧ್ಯೆ, ಬೆನ್ನುಮೂಳೆಯ ಹಾಗೆ, ತಳದಿಂದ ತುದಿಯವರೆಗೆ ಹಾಕುವ ಮಣ್ಣು ಇದು ಎಂದ. ಹದ ಮುಖ್ಯ. ತೀರಾ ಒಣಗಿದ್ದರೆ ಬಿರಿಯುತ್ತದೆ, ತೀರಾ ಹಸಿಯಾದರೆ ರೋಲರಿಗೇ ಅಂಟಿಕೊಂಡು ಬರುತ್ತದೆ. ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಕೈ ಚೊಕ್ಕವಾಗಿರಬೇಕು. ಅಂಥ ಮಣ್ಣನ್ನು ಒಂದು ಗೇಣು ಹರಡಿ, ತುಳಿದು, ಮತ್ತೆ ಒಂದು ಗೇಣು ಹರಡಿ, ತುಳಿದು ಮೇಲೇರಿಸಬೇಕು. ಹೀಗೆ ಹೇಳಿ ಉಂಡೆಯನ್ನು ನೀರು ತುಂಬಿದ ತಂಬಿಗೆಯಲ್ಲಿ ಹಾಕಿ, ಕರಗಿದಾಗ ಹೇಳಿ ಅಮ್ಮ ಎಂದು ಮೇಲೆ ಹೋದ.

ಅತ್ತೆ ತಂಬಿಗೆಯನ್ನು ಮಂಚದ ಕೆಳಗೆ ಇಟ್ಟುಕೊಂಡರು. ಬೆಳಿಗ್ಗೆ ಎದ್ದವರೇ ಬಗ್ಗಿ ನೋಡಿದರು. ಮಧ್ಯಾಹ್ನ ನೋಡಿದರು. ಸೊಸೆ ನೋಡದ ಸಮಯದಲ್ಲಿ ಬೆರಳಿನಿಂದ ಒತ್ತಿಯೂ ನೋಡಿದರು. ವಾರ ಕಳೆದರೂ ಉಂಡೆ ಉಂಡೆಯಾಗಿಯೇ ಇತ್ತು, ಮೇಲೆ ಸ್ವಲ್ಪ ನುಣುಪಾಗಿತ್ತು ಅಷ್ಟೆ. ಕೊನೆಗೆ ನೀರನ್ನು ಗಿಡಕ್ಕೆ ಚೆಲ್ಲಿ, ಉಂಡೆಯನ್ನು ಕಿಟಕಿಯ ಮೇಲಿಟ್ಟು, ರೋಲರಪ್ಪನ ತಟ್ಟೆಗೆ ಅವನು ಕೇಳದೆಯೇ ಇನ್ನೊಂದು ಬೇಯಿಸಿದ ಮೊಟ್ಟೆ ಹಾಕಿದರು. ಸೋತೆ ಎಂದು ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಅವರು.

ಟೈಲರಕ್ಕ ಇದನ್ನೆಲ್ಲ ಮಷೀನಿನ ಹಿಂದಿನಿಂದ ನೋಡುತ್ತಿದ್ದಳು. ಅವನ ಜೊತೆ ಅವಳಿಗೆ ನಿಜವಾದ ಮಾತುಕತೆ ಶುರುವಾದದ್ದು ರೋಲರಿನ ಸೀಟಿನಿಂದ. ಸೀಟಿನ ರೆಕ್ಸಿನ್ ಹರಿದು ಸ್ಪ್ರಿಂಗು ಹೊರಗೆ ಬಂದಿದೆ, ಹೊಲಿದುಕೊಡುತ್ತೀರಾ ಎಂದು ಅವನು ಕೇಳಿದ. ಅವಳು ಶಾಲೆಯ ಚೀಲ, ಟ್ರ್ಯಾಕ್ಟರ್ ಸೀಟು, ಬೈಕಿನ ಕವರು ಎಲ್ಲ ಹೊಲಿಯುತ್ತಿದ್ದವಳು, ದಪ್ಪ ಸೂಜಿ ಇತ್ತು. ಅಳತೆ ತೆಗೆದುಕೊಳ್ಳಲು ಏರಿಯ ಹತ್ತಿರ ಹೋದಳು. ಅವನು ಸೀಟಿನಿಂದ ಇಳಿದು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡ. ಹತ್ತಿಪ್ಪತ್ತು ವರ್ಷದಿಂದ ಅವಳು ಪರರ ಸೊಂಟ, ಭುಜ, ತೋಳುಗಳ ಅಳತೆ ತೆಗೆಯುತ್ತ ಬಂದಿದ್ದಳು. ಯಾರೂ ಟೇಪಿನ ಆ ತುದಿಯನ್ನು ಅವಳಿಗಾಗಿ ಹಿಡಿದಿರಲಿಲ್ಲ. ಅವಳು ಸೀಟಿಗೆ ಹೊಸ ರೆಕ್ಸಿನ್ ಹಾಕಿದ್ದಲ್ಲದೆ, ಯಾರೂ ಕೇಳದಿದ್ದರೂ, ಬೆನ್ನಿಗೆ ಆಸರೆಯಾಗಲೆಂದು ಒಂದು ದಿಂಬನ್ನೂ ಸೇರಿಸಿ ಹೊಲಿದಳು.

ಆಮೇಲೆ ಅವನು ಕೆಲಸದಿಂದ ಬಂದ ಮೇಲೆ ಸ್ನಾನ ಮುಗಿಸಿ ಹೊಸ್ತಿಲ ಬಳಿ ಕೂತು, ಅವಳು ಬಿಚ್ಚಬೇಕಾದ ಹಳೆಯ ಹೊಲಿಗೆಗಳನ್ನು ಬ್ಲೇಡಿನಿಂದ ಬಿಚ್ಚಿಕೊಡತೊಡಗಿದ. ಅಷ್ಟು ದೊಡ್ಡ ಕೈಗಳಿಗೆ ಅಷ್ಟು ಸಣ್ಣ ಕೆಲಸ ಹೇಗೆ ಒಗ್ಗಿತೋ, ಬಟ್ಟೆಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಕಟಿಂಗ್ ಅಂಗಡಿಯವನು ಬೀದಿಯ ಆಚೆಯಿಂದ ಇದನ್ನು ಕಂಡು, ರೋಲರಪ್ಪ ಈಗ ಏರಿಯಲ್ಲಿ ಮಣ್ಣು ಒತ್ತುತ್ತಾನೆ, ಮನೆಯಲ್ಲಿ ಇಸ್ತ್ರಿ ಒತ್ತುತ್ತಾನೆ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದ. ಮಾತು ಟೈಲರಕ್ಕನ ಕಿವಿಗೂ ಬಿತ್ತು. ಅವಳು ಮುಖ ಊದಿಸಿಕೊಂಡು ಎರಡು ದಿನ ಅವನಿಗೆ ಹೊಲಿಗೆ ಬಿಚ್ಚಲು ಕೊಡಲಿಲ್ಲ. ಮೂರನೆಯ ದಿನ ಕೊಟ್ಟಳು.

ಏರಿ ಆಳೆತ್ತರ ದಾಟಿ ಏಳುತ್ತಿದ್ದಾಗ, ಮಳೆಗಾಲಕ್ಕೆ ಇನ್ನೂ ಸಾಕಷ್ಟು ಸಮಯವಿದೆ ಎಂದು ಎಲ್ಲರೂ ನಿಶ್ಚಿಂತರಾಗಿದ್ದಾಗ, ಅಕಾಲದಲ್ಲಿ ಮೋಡ ಬಂತು. ಊರಲ್ಲಿ ಹನಿ ಮಾತ್ರ, ಆದರೆ ಮೇಲಿನ ಗುಡ್ಡಗಳಲ್ಲಿ ರಾತ್ರಿಯೆಲ್ಲ ಸುರಿದಿತ್ತು. ಬೆಳಿಗ್ಗೆ ಕೊಳವೆಯ ಬಾಯಿ ತುಂಬಿ ಹರಿಯುತ್ತಿತ್ತು. ಅದು ನುಂಗಲಾರದ್ದು ಅರ್ಧ ಕಟ್ಟಿದ ಏರಿಯ ಹಿಂದೆ ಮೆಲ್ಲನೆ ಏರುತ್ತಿತ್ತು. ಕೋಡಿ ಇನ್ನೂ ಅಗೆದಿರಲಿಲ್ಲ. ನೀರು ಏರಿಯ ತಲೆ ದಾಟಿತೆಂದರೆ ಮುಗಿಯಿತು, ಹಸಿಮಣ್ಣನ್ನು ಕೊರೆದುಕೊಂಡು ಏರಿಯೂ ನೀರೂ ಒಟ್ಟಿಗೆ ಹಳ್ಳದ ಬೀದಿಗೆ ಇಳಿಯುತ್ತವೆ. ಏರಿ ಇಲ್ಲದಿದ್ದಾಗ ಬರುತ್ತಿದ್ದದ್ದಕ್ಕಿಂತ ಹತ್ತು ಪಾಲು ಕೆಡುಕು.

ಮೇಡಂ ಕೊಡೆ ಹಿಡಿಯುವುದನ್ನೂ ಮರೆತು ನೆನೆಯುತ್ತ ನಿಂತಿದ್ದರು. ಬೀದಿಯ ಮನೆಗಳನ್ನು ಖಾಲಿ ಮಾಡಿಸಲು ಮೊದಲು ಹೇಳಿ ಕಳಿಸಿದರು. ಆಮೇಲೆ ತಮ್ಮ ಯೋಚನೆ ಹೇಳಿದರು. ಏರಿಯ ಒಂದು ತುದಿ ಬಂಡೆಗೆ ತಾಗಿದೆ. ಅಲ್ಲಿ ನಾವೇ ಒಂದಷ್ಟು ಅಗಲ ತಗ್ಗಿಸೋಣ, ನೀರು ದಾಟಲೇಬೇಕೆಂದರೆ ಅಲ್ಲೇ ದಾಟಲಿ. ಆದರೆ ಬರಿಮಣ್ಣಿನ ಮೇಲೆ ಹರಿಯಬಾರದು, ಹೊದಿಕೆಯ ಮೇಲೆ ಹರಿಯಬೇಕು. ಲಾರಿಗಳ ಟಾರ್ಪಾಲುಗಳಿವೆ, ಆದರೆ ಎಲ್ಲ ತುಂಡು ತುಂಡು. ಬಿಡಿಬಿಡಿಯಾಗಿ ಹಾಸಿದರೆ ನೀರು ಸಂದಿಯಲ್ಲಿ ಕೈ ಹಾಕಿ ಎತ್ತಿಬಿಡುತ್ತದೆ. ಒಂದೇ ಹಾಳೆ ಬೇಕು.

ಮಷೀನು ಇರುವ ಮನೆ ನನಗೆ ಗೊತ್ತು ಎಂದ ರೋಲರಪ್ಪ.

ಟ್ರ್ಯಾಕ್ಟರು ಮನೆಯ ಮುಂದೆ ಬಂದು ನಿಂತಾಗ ಅತ್ತೆ–ಸೊಸೆ ಅಭ್ಯಾಸದಂತೆ ಮಷೀನಿನ ತಲೆ ಬಿಚ್ಚುತ್ತಿದ್ದರು. ಟೈಲರಕ್ಕ ವಿಷಯ ಕೇಳಿ, ಬಿಚ್ಚಿದ ತಲೆಯನ್ನು ಮತ್ತೆ ಕೂರಿಸಿ, ದಪ್ಪ ಸೂಜಿಗಳ ಡಬ್ಬಿಯನ್ನೂ ಚೀಲ ಹೊಲಿಯುವ ನೈಲಾನ್ ದಾರವನ್ನೂ ಎತ್ತಿಕೊಂಡಳು. ಅತ್ತೆಯನ್ನು ಶಾಲೆಗೆ ಹೋಗಿ ಎಲ್ಲರ ಜೊತೆ ಇರಿ ಎಂದಳು. ಅತ್ತೆ ಶಾಲು ಹೊದ್ದು ಟ್ರ್ಯಾಕ್ಟರಿನ ಟ್ರೇಲರು ಹತ್ತಿಯಾಗಿತ್ತು. ಇಡೀ ಹಾಳೆಯನ್ನು ನೀನೊಬ್ಬಳೇ ಎಳೆದುಕೊಂಡು ಹೊಲಿಯೋಕಾಗುತ್ತಾ ಎಂದು ಕೇಳಿದರು. ಟೈಲರಕ್ಕ ಸೂಜಿಗಳ ಡಬ್ಬಿಯನ್ನು ಅವರ ಕೈಗೆ ಕೊಟ್ಟು ತಾನೂ ಹತ್ತಿದಳು.

ಏರಿಯ ಪಕ್ಕ, ಸಿಮೆಂಟು ಚೀಲ ಇಡುವ ತಗಡಿನ ಶೆಡ್ಡಿನಲ್ಲಿ ಮಷೀನು ನಿಂತಿತು. ಟಾರ್ಪಾಲಿನ ಎರಡು ಅಂಚುಗಳನ್ನು ಒಂದರೊಳಗೊಂದು ಮಡಚಿ, ಪ್ಯಾಂಟಿನ ತೊಡೆಸಂದಿಗೆ ಹಾಕುವಂಥ ಜೋಡಿ ಹೊಲಿಗೆ ಹಾಕುತ್ತ ಹೋದಳು ಟೈಲರಕ್ಕ. ಮೇಲಿನ ತುಂಡಿನ ಅಂಚು ಕೆಳಗಿನದರ ಮೇಲೆ ಬರಲಿ, ಹೆಂಚು ಹೊದಿಸಿದ ಹಾಗೆ ಎಂದು ಮೇಡಂ ಹೇಳಿ ಹೋಗಿದ್ದರು. ಸೂಜಿ ಮುರಿಯಿತು, ಬೇರೆ ಹಾಕಿದಳು. ಅದೂ ಮುರಿಯಿತು, ಮತ್ತೊಂದು ಹಾಕಿದಳು. ಅತ್ತೆ ಎದುರಿನಲ್ಲಿ ನಿಂತು, ಎಮ್ಮೆಯ ಚರ್ಮದಂಥ ಆ ಟಾರ್ಪಾಲನ್ನು ಎದೆಗವಚಿಕೊಂಡು, ಸೊಸೆಯ ಪೆಡಲಿನ ತಾಳಕ್ಕೆ ಸರಿಯಾಗಿ ಇಷ್ಟಿಷ್ಟೇ ಬಿಡುತ್ತಿದ್ದರು. ಹೊರಗೆ ರೋಲರು ಓಡುವ ಸದ್ದು ಕೇಳುತ್ತಿತ್ತು. ತಗ್ಗಿಸಿದ ತುದಿಯನ್ನು ಅವನು ನೀರು ಬರುವ ಮೊದಲು ನುಣ್ಣಗೆ ಒತ್ತಿ ಮುಗಿಸಬೇಕಿತ್ತು. ಆ ಸದ್ದು ನಿಂತಾಗಲೆಲ್ಲ ಟೈಲರಕ್ಕನ ಕಾಲೂ ಪೆಡಲಿನ ಮೇಲೆ ನಿಲ್ಲುತ್ತಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ಎದುರಿಗೆ ನಿಂತಿದ್ದವರಿಗೆ ಗೊತ್ತಾಗುತ್ತಿತ್ತು.

ಹಾಳೆ ಮುಗಿದಾಗ ಅದನ್ನು ಹೊರಲು ಊರಿನ ಗಂಡಸರೆಲ್ಲ ಬೇಕಾದರು. ಕಟಿಂಗ್ ಅಂಗಡಿಯವನೂ ಹೆಗಲು ಕೊಟ್ಟ. ಅವತ್ತು ಅವನ ಬಾಯಲ್ಲಿ ಒಂದೂ ತಮಾಷೆ ಇರಲಿಲ್ಲ. ಹಾಳೆಯ ಮೇಲಂಚನ್ನು ಸಣ್ಣ ಕಾಲುವೆ ತೋಡಿ ಅದರಲ್ಲಿ ಹೂತು, ಜೇಡಿಮಣ್ಣು ತುಳಿದು ಮುಚ್ಚಿದರು. ಬದಿಗಳಿಗೆ, ಕೆಳಗಂಚಿಗೆ ಮರಳುಚೀಲ ಹೇರಿದರು. ಕೊನೆಯ ಚೀಲಗಳನ್ನು ಇಡುತ್ತಿರುವಾಗಲೇ ನೀರಿನ ಒಂದು ತೆಳ್ಳನೆಯ ಎಳೆ ಟಾರ್ಪಾಲಿನ ಮೇಲೆ ಇಳಿದು ಬಂತು. ಹಿಂದೆಯೇ ಇನ್ನೊಂದು. ಸ್ವಲ್ಪ ಹೊತ್ತಿಗೆ ಆ ತುದಿಯ ಉದ್ದಗಲಕ್ಕೂ ಕಂದು ನೀರು ಗೇಣೆತ್ತರ ಹರಿಯತೊಡಗಿತು.

ಜನ ಹೊಲಿಗೆಗಳನ್ನೇ ನೋಡುತ್ತಿದ್ದರು. ಹೊಲಿಗೆಗಳು ಬಿಗಿದು ನಿಂತಿದ್ದವು. ಆದರೆ ಕೆಳಗಂಚಿನಲ್ಲಿ, ನೀರು ಬಂಡೆಗೆ ಬಡಿಯುವಲ್ಲಿ, ನಾಲ್ಕಾರು ಚೀಲಗಳು ಜಾರಿದವು. ಹಾಳೆಯ ಮೂಲೆ ಎದ್ದು ಪಟಪಟ ಬಡಿಯತೊಡಗಿತು. ಅಲ್ಲಿಂದ ನೀರು ಒಳಹೊಕ್ಕರೆ ಮಣ್ಣು ಹೋಗುತ್ತದೆ. ರೋಲರಪ್ಪ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಅದರ ತುದಿಯನ್ನು ಮೇಲಿದ್ದವರ ಕೈಗೆ ಕೊಟ್ಟು, ಹೆಗಲ ಮೇಲೆ ಚೀಲ ಹೊತ್ತು ಕೆಳಗಿಳಿದ. ಒಂದು ಚೀಲ ಇಟ್ಟ. ಇನ್ನೊಂದನ್ನು ಮೇಲಿನಿಂದ ಜಾರಿಸಿದರು, ಹಿಡಿದು ಇಟ್ಟ. ತೊಡೆಮಟ್ಟದ ನೀರು ಅವನನ್ನು ಎರಡು ಸಲ ಮಂಡಿಗೆ ಕೆಡವಿತು. ಮೂಲೆ ಕೂತಿತು. ಕೂತರೂ ಅವನು ಮೇಲೆ ಬರಲಿಲ್ಲ, ಇನ್ನೊಂದು ಚೀಲ ಎಂದು ಕೈಸನ್ನೆ ಮಾಡಿದ. ಆಗ ಏರಿಯ ಮೇಲಿಂದ ಹೆಣ್ಣುದನಿಯೊಂದು ನೀರಿನ ಸದ್ದನ್ನು ಸೀಳಿಕೊಂಡು ಕೇಳಿಸಿತು.

"ರೀ, ಸಾಕು. ಮೇಲೆ ಬನ್ನಿ."

ರೀ ಎಂದು ಯಾರನ್ನು ಬೇಕಾದರೂ ಕರೆಯಬಹುದು. ಅಂಚೆಯವನನ್ನು ಕರೆಯಬಹುದು, ಬಟನ್ನು ಮಾರುವವನನ್ನು ಕರೆಯಬಹುದು. ಆದರೆ ಆ ರೀ ಅಂಥದ್ದಾಗಿರಲಿಲ್ಲ. ಅದು ಹೇಗಿತ್ತೆಂದರೆ, ಇಡೀ ಊರು ನೀರು ನೋಡುವುದನ್ನು ಬಿಟ್ಟು ಟೈಲರಕ್ಕನನ್ನು ನೋಡಿತು. ರೋಲರಪ್ಪ ಚೀಲವನ್ನು ಅಲ್ಲೇ ಬಿಟ್ಟು, ಅಷ್ಟು ಹೊತ್ತು ಮೇಲೆ ಬಾರದವನು, ಹಗ್ಗ ಹಿಡಿದು ತೆಪ್ಪಗೆ ಮೇಲೆ ಬಂದ. ಟೈಲರಕ್ಕನಿಗೆ ತಾನೇನು ಅಂದೆ ಎಂದು ಆಗ ಅರಿವಾಗಿ ಕಿವಿಯವರೆಗೂ ಕೆಂಪಾಯಿತು. ಪಕ್ಕದಲ್ಲಿದ್ದ ಅತ್ತೆ ಏನೂ ಕೇಳಿಸದವರಂತೆ ತಮ್ಮ ಶಾಲು ತೆಗೆದು, ನಡುಗುತ್ತ ನಿಂತವನ ಹೆಗಲಿಗೆ ಹಾಕಿದರು.

ನೀರು ಅಂದು ಮಧ್ಯಾಹ್ನವೆಲ್ಲ ಹೊದಿಕೆಯ ಮೇಲೆ ಹರಿದು, ಸಂಜೆಯ ಹೊತ್ತಿಗೆ ಇಳಿಯಿತು. ಹಾಳೆ ಎತ್ತಿ ನೋಡಿದರೆ ಏರಿಯ ಒಂದು ಮೂಲೆಯಲ್ಲಿ ಎಮ್ಮೆ ಮಲಗೆದ್ದಷ್ಟು ತಗ್ಗು ಬಿದ್ದಿತ್ತು, ಅಷ್ಟೆ. ಮೇಡಂ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು, ಟೈಲರಕ್ಕನ ಕೈ ಹಿಡಿದುಕೊಂಡು ತುಂಬಾ ಹೊತ್ತು ಬಿಡಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಊದಿದ್ದ ಬೆರಳುಗಳು ನೋಯುತ್ತಿದ್ದರೂ ಟೈಲರಕ್ಕ ಕೈ ಎಳೆದುಕೊಳ್ಳಲಿಲ್ಲ. ಆ ಹುಡುಗಿಗೂ ಯಾರದಾದರೂ ಕೈ ಬೇಕಿತ್ತು.

ಕೆಲಸ ಮತ್ತೆ ನಡೆಯಿತು. ಏರಿ ಪೂರ್ತಿ ಎದ್ದಿತು, ಕೋಡಿ ಅಗೆದರು, ಇಳಿಜಾರಿಗೆಲ್ಲ ಹುಲ್ಲು ನೆಟ್ಟರು. ಏರಿ ಮುಗಿಯಿತೆಂದರೆ ರೋಲರಿನ ಕೆಲಸ ಮುಗಿದಂತೆ. ಮುಂದಿನ ಕೆಲಸ ದೂರದ ಇನ್ನೊಂದು ಕಣಿವೆಯಲ್ಲಿ, ಇಂಥದ್ದೇ ಏರಿ. ಹೊರಡಲು ಕೆಲವೇ ದಿನವಿರುವಾಗ ರೋಲರಪ್ಪ ಟೈಲರಕ್ಕನನ್ನು ಏರಿ ನೋಡಲು ಕರೆದ. ಹೊಸ ಹುಲ್ಲಿನ ಪಕ್ಕ ನಡೆಯುತ್ತ, ಗಟ್ಟಿದನಿಯನ್ನು ಆದಷ್ಟೂ ತಗ್ಗಿಸಿ, ತನ್ನ ಜೊತೆ ಬರುತ್ತೀರಾ ಎಂದು ಕೇಳಿದ. ಕೇಳಿದ್ದಕ್ಕೆ ಅವಳಿಗೆ ಸಂತೋಷವೇ ಆಯಿತು. ಆದರೆ ಆಗುವುದಿಲ್ಲ ಎಂದಳು. ಅತ್ತೆಯನ್ನು ಬಿಟ್ಟು ಬರಲಾರೆ ಎಂದಳು. ಬಿಟ್ಟು ಬನ್ನಿ ಎಂದು ನಾನೆಲ್ಲಿ ಹೇಳಿದೆ ಎಂದ ಅವನು. ಅವರು ಆ ಮನೆ ಬಿಟ್ಟು ಒಂದು ರಾತ್ರಿಯೂ ಕದಲುವವರಲ್ಲ, ಕದಲಿ ಎಂದು ಕೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ ಎಂದಳು.  ಇಬ್ಬರೂ ಏರಿಯ ಆ ತುದಿಯವರೆಗೆ ಹೋಗಿ, ತಿರುಗಿ ಮನೆಗೆ ಬಂದರು.

ಮಾರನೆಯ ದಿನ ಟೈಲರಕ್ಕ ಶಾಲೆಯ ಮಗುವೊಂದರ ಅಂಗಿಗೆ ಎರಡೂ ತೋಳು ಎಡಗೈಯದ್ದೇ ಹೊಲಿದಿಟ್ಟಳು. ಅತ್ತೆ ಆ ಅಂಗಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮದುವೆಯಾಗಿ ಬಂದಂದಿನಿಂದ ಸೊಸೆ ಇಂಥ ತಪ್ಪು ಮಾಡಿದ್ದಿಲ್ಲ. ಅಂದು ಊಟಕ್ಕೆ ಕೂತಾಗ ಮೂವರ ತಟ್ಟೆಗೂ ಬಡಿಸಿ, ತಾವೂ ಕೂತು, ರೋಲರಪ್ಪನಿಗೆ ಮುಂದಿನ ಊರಿನಲ್ಲಿ ಇರಲು ಎಂಥ ಮನೆ ನೋಡಿದ್ದೀಯ ಎಂದು ಕೇಳಿದರು. ಒಂದು ಕೋಣೆ ಸಿಕ್ಕಿದೆ ಎಂದ.

"ಒಂದು ಕೋಣೆ ಯಾವ ಮೂಲೆಗೆ? ಎರಡು ಕೋಣೆದು ಹುಡುಕು. ನಂಗೆ ಗೋಡೆ ಪಕ್ಕ ಮಂಚ ಬೇಕು, ಬೆಳಗ್ಗೆ ಬಿಸಿಲು ಬೀಳೋ ಕಡೆ."

ಟೈಲರಕ್ಕನ ಕೈ ತಟ್ಟೆಯಲ್ಲೇ ನಿಂತಿತು. ರೋಲರಪ್ಪ ಬಾಯಿಗೆ ಹಾಕಿಕೊಂಡದ್ದನ್ನು ಅಗಿಯುವುದನ್ನು ಮರೆತ. ಅತ್ತೆ ಇಬ್ಬರನ್ನೂ ನೋಡದೆ, ಲೋಟದ ನೀರು ಕುಡಿದು ಊಟ ಮುಂದುವರಿಸಿದರು.

"ಅತ್ತೆ, ಮನೆ?" ಎಂದಳು ಸೊಸೆ.

"ಮನೆಗೇನಾಗಿದೆ? ಇಷ್ಟು ವರ್ಷ ಇದನ್ನ ಕಾದೆ, ಯಾಕೆ? ನಾ ಹೋದ್ರೆ ನೀರು ಒಳಗೆ ಬರುತ್ತೆ ಅಂತ. ಈಗ ಮೇಲ್ಗಡೆ ಅಷ್ಟು ದೊಡ್ಡ ಏರಿ ಕೂತಿದೆ. ಕಾಯೋ ಕೆಲಸ ಅದು ಮಾಡ್ಲಿ. ಬೀಗ ಹಾಕ್ಕೊಂಡು ಹೋಗೋಣ." ಆಮೇಲೆ ದನಿ ಬದಲಿಸಿ ಹೇಳಿದರು: "ನನ್ನ ಮಗ ಇದ್ದಿದ್ರೆ ನಿನ್ನನ್ನ ಒಂದಿನಾನಾದ್ರೂ ಎಲ್ಲಾದ್ರೂ ಕರ್ಕೊಂಡು ಹೋಗಿರ್ತಿದ್ದ ಕಣೇ. ನೀನು ನನ್ನ ಜೊತೆ ಈ ಕೆಸರು ಬಾಚ್ತಾ ಕೂತೆ. ಇನ್ನು ಸಾಕು."

ಟೈಲರಕ್ಕ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಏನೂ ಕೆಲಸವಿರಲಿಲ್ಲ. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು. ಹೊರಗೆ ಅತ್ತೆ ರೋಲರಪ್ಪನಿಗೆ, ಹೂಂ ಅನ್ನುವಷ್ಟರಲ್ಲಿ ಮತ್ತೆ ಬೇರೆ ಊರಿಗೆ ಹೋಗಿಬಿಡಬೇಡ, ನಾಳೆಯೇ ಮದುವೆ ಬರೆಸಲು ಕಚೇರಿಗೆ ಹೋಗಿ ವಿಚಾರಿಸು ಎಂದು ಹೇಳುತ್ತಿರುವುದು ಕೇಳಿಸಿತು.

ಮದುವೆ ಕಚೇರಿಯಲ್ಲೇ ಆಯಿತು. ಮೇಡಂ ಒಂದು ಕಡೆಯ ಸಾಕ್ಷಿ, ಕಟಿಂಗ್ ಅಂಗಡಿಯವನು ಇನ್ನೊಂದು ಕಡೆಯ ಸಾಕ್ಷಿ. ಅವನು ಮದುಮಗನಿಗೆ ಬೆಳಿಗ್ಗೆ ತಾನೇ ಗಡ್ಡ ಬೋಳಿಸಿ, ಕೋಣೆ ಖಾಲಿ ಇದೆ ಎಂದು ಅಂದು ನಾನು ಹೇಳದೇ ಹೋಗಿದ್ದರೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡ. ಹೊರಡುವ ದಿನ ಬೀದಿಯವರೆಲ್ಲ ಸೇರಿದರು. ನೀರು ಬರುತ್ತಿದ್ದಷ್ಟು ವರ್ಷ ಇದ್ದು, ನೀರು ನಿಂತ ಮೇಲೆ ಹೋಗುತ್ತಿದ್ದೀರಲ್ಲ ಎಂದು ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಮಷೀನನ್ನು ಹಾಸಿಗೆಯಲ್ಲಿ ಸುತ್ತಿ ಲಾರಿಗೆ ಹಾಕಿದರು. ಅತ್ತೆ ಲಾರಿಯ ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕವೇ ಬೇಕೆಂದು ಹಟ ಹಿಡಿದು ಕೂತು, ಊರು ದಾಟುವವರೆಗೂ ಹಿಂತಿರುಗಿ ನೋಡಲಿಲ್ಲ. ದಾಟಿದ ಮೇಲೆ, ಬೀಗ ಸರಿಯಾಗಿ ಎಳೆದು ನೋಡಿದೆಯಾ ಎಂದು ಸೊಸೆಯನ್ನು ಕೇಳಿದರು. ಮುಂದಿನ ಹಳ್ಳಿಯಲ್ಲಿ ಮತ್ತೆ ಕೇಳಿದರು.

ಹೊಸ ಊರು ಅವರಿಗೆ ಬೇಗ ಹಿಡಿಸಿತು. ಬಯ್ಯಲು ಹೊಸ ಜನ ಸಿಕ್ಕರು, ಅದೇ ಕಾರಣವಿರಬಹುದು. ಟೈಲರಕ್ಕನಿಗೆ ಅಲ್ಲಿಯೂ ಹೊಲಿಗೆ ಸಿಕ್ಕಿತು. ಸಂಜೆ ಹೊಸ್ತಿಲ ಬಳಿ ಹೊಲಿಗೆ ಬಿಚ್ಚಿಕೊಡಲು ಜನವಿತ್ತು.

ಮಳೆಗಾಲ ಬಂತು. ಒಂದು ಬೆಳಿಗ್ಗೆ ಕಟಿಂಗ್ ಅಂಗಡಿಯವನ ಫೋನು. ಹಿಂದೆಂದೂ ಕಾಣದಂಥ ಮಳೆಯಾಯಿತು, ಏರಿಯ ಹಿಂದೆ ಹುಲ್ಲುಗಾವಲೆಲ್ಲ ಸಮುದ್ರವಾಗಿದೆ, ಕೊಳವೆ ತನ್ನ ಪಾಡಿಗೆ ಬಿಡುತ್ತಿದೆ, ಬೀದಿಯಲ್ಲಿ ಪಾದ ಒದ್ದೆಯಾಗುವಷ್ಟೂ ಇಲ್ಲ ಎಂದ. ಅತ್ತೆ ಅವನ ಮಾತನ್ನು ನಂಬಲಿಲ್ಲ. ಆ ಮನುಷ್ಯ ಕತ್ತರಿ ಹಿಡಿದರೂ ಸುಳ್ಳೇ, ಬಿಟ್ಟರೂ ಸುಳ್ಳೇ, ಕಣ್ಣಾರೆ ನೋಡಬೇಕು ಎಂದರು. ರಜೆ ಹಾಕಿ ರೋಲರಪ್ಪ ಇಬ್ಬರನ್ನೂ ಕರೆದುಕೊಂಡು ಬಸ್ಸಿನಲ್ಲಿ ಬಂದ.

ಏರಿಯ ಹಿಂದೆ ಇನ್ನೂ ಸ್ವಲ್ಪ ನೀರು ಉಳಿದಿತ್ತು, ದಿನದಿನಕ್ಕೆ ಇಳಿಯುತ್ತಿದ್ದ ಗುರುತುಗಳು ಹುಲ್ಲಿನ ಮೇಲೆ ಗೆರೆಗೆರೆಯಾಗಿ ಕಾಣುತ್ತಿದ್ದವು. ಅತ್ತೆ ಮೊದಲು ಮನೆ ಎಂದರು. ಬೀಗ ತೆಗೆದಾಗ ಒಳಗಿನಿಂದ ಬಂದದ್ದು ಧೂಳಿನ ವಾಸನೆ. ಕೆಸರಿಲ್ಲ, ಗೋಡೆಯಲ್ಲಿ ಹೊಸ ಗುರುತಿಲ್ಲ. ಅವರು ಬಗ್ಗಿ ಅಂಗೈಯನ್ನು ನೆಲದ ಮೇಲೆ ಊರಿ ನೋಡಿದರು. ಒಣಗಿತ್ತು. ಗೋಡೆಯ ಬುಡ ಮುಟ್ಟಿ ನೋಡಿದರು. ಅದೂ ಒಣಗಿತ್ತು. ಎಲ್ಲ ಕಡೆ ಮುಟ್ಟಿ ಮುಗಿದ ಮೇಲೆ ಅಲ್ಲೇ ಗೋಡೆಗೊರಗಿ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಮಗ ಹೋದಾಗಲೂ ಜನರೆದುರು ಅಳದ ಹೆಂಗಸು. ಟೈಲರಕ್ಕ ಪಕ್ಕದಲ್ಲಿ ಕೂತು ಬೆನ್ನಿನ ಮೇಲೆ ಕೈಯಿಟ್ಟಳು. ರೋಲರಪ್ಪನಿಗೆ ಏನು ಮಾಡುವುದೋ ತೋಚದೆ ಪೊರಕೆ ಹುಡುಕಿ ಕಸ ಗುಡಿಸತೊಡಗಿದ. ಸ್ವಲ್ಪ ಹೊತ್ತಿಗೆ ಅತ್ತೆ ಮುಖ ಒರೆಸಿಕೊಂಡು, ಮೂಲೆ ಬಿಟ್ಟು ಗುಡಿಸುತ್ತಿದ್ದೀಯಲ್ಲೋ ಎಂದು ಪೊರಕೆ ಕಿತ್ತುಕೊಂಡರು.

ಸಂಜೆಯ ಬಸ್ಸಿಗೆ ಮೂವರೂ ಹೊರಟರು. ಅತ್ತೆ ಕಿಟಕಿಯ ಪಕ್ಕ ಕೂತರು, ನಡುವೆ ರೋಲರಪ್ಪ, ಈ ಬದಿಗೆ ಟೈಲರಕ್ಕ. ಎರಡು ತಿರುವು ದಾಟುವಷ್ಟರಲ್ಲಿ ಅತ್ತೆ ನಿದ್ದೆಹೋಗಿ, ಅವರ ತಲೆ ಜಾರುತ್ತ ಜಾರುತ್ತ ಬಂದು ರೋಲರಪ್ಪನ ಎದೆಯ ಮೇಲೆ ನಿಂತಿತು. ಅವನು ಕಲ್ಲಿನ ಹಾಗೆ ಅಲುಗದೆ ಕೂತ. ಟಿಕೆಟ್ ತೋರಿಸಿ ಎಂದು ಕಂಡಕ್ಟರು ಬಂದ. ಟಿಕೆಟ್ಟು ಅಂಗಿಯ ಜೇಬಿನಲ್ಲಿತ್ತು, ಜೇಬಿನ ಮೇಲೆ ಅತ್ತೆಯ ಕೆನ್ನೆ ಇತ್ತು. ರೋಲರಪ್ಪ ಕಣ್ಣಲ್ಲೇ ಜೇಬನ್ನೂ ತಲೆಯನ್ನೂ ತೋರಿಸಿದ. ಕಂಡಕ್ಟರು ನೋಡಿ, ಟೈಲರಕ್ಕನ ಕಡೆ ನಕ್ಕು, ಇರಲಿ ಬಿಡಿ, ಅಮ್ಮ ಎದ್ದ ಮೇಲೆ ನೋಡಿದರಾಯಿತು ಎಂದು ಪಿಸುಮಾತಿನಲ್ಲಿ ಹೇಳಿ ಹಿಂದಿನ ಸೀಟಿಗೆ ಹೋದ.